ಹಸಿರು ದೀಪದ ಹಿಂದೆ ಎಂಟು ವಿಮಾನ

ಶುಕ್ರವಾರ ಸಂಜೆ ಹೊಳೆಯ ತೂಬು ಕಾಯುವವನು ಬೇಗ ಮಲಗುವ ಆಸೆಯಿಂದ ತೂಬನ್ನು ಪೂರ್ತಿ ಎತ್ತಿಟ್ಟು ಮನೆಗೆ ಹೋದ. ರಾತ್ರಿಯೆಲ್ಲ ನೀರು ತಗ್ಗಿನ ಹುಲ್ಲುಗಾವಲಿಗೆ ಹರಿಯಿತು. ಸಾರ್ಜೆಂಟ್ ಸಿಡ್ನಿ ಟಾಪ್ಸೆಲ್‌ನ ಮದುವೆಗೆ ಅಡ್ಡಿ ಶುರುವಾದದ್ದು ಹೀಗೆ.

ಸಿಡ್ನಿ ಗುರುತು ಹಾಕುವ ದಳದಲ್ಲಿ ರೇಡಾರ್ ನೋಡುವವನು. ಜರ್ಮನಿಯ ಮೇಲೆ ದಾಳಿಗೆ ಹೋಗುವಾಗ ಅವನ ವಿಮಾನ ಮುಂದೆ ಹೋಗಿ ಬಣ್ಣದ ದೀಪ ಉದುರಿಸಬೇಕು. ಹಿಂದಿನವರು ಆ ದೀಪದ ಮೇಲೆ ಬಾಂಬು ಹಾಕಬೇಕು. ಹಿಂದಿನವರಿಗೆ ಕಲಿಸಿದ ಪಾಠ ಒಂದೇ: ನೆಲ ನೋಡಬೇಡ, ದೀಪ ನೋಡು.

ಶನಿವಾರ ಮಧ್ಯಾಹ್ನ ಮೂರಕ್ಕೆ ಹಂಟಿಂಗ್ಡನ್ ಊರಿನಲ್ಲಿ ಮ್ಯೂರಿಯಲ್ ಪೀಚಿಯೊಡನೆ ಅವನ ಮದುವೆ. ಅದು ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು. ಮೊದಲ ಸಲ ಮಂಜು. ಎರಡನೆಯ ಸಲ, ವರನ ಪಕ್ಕ ನಿಲ್ಲಬೇಕಿದ್ದ ಗೆಳೆಯ ಹಿಂದಿನ ರಾತ್ರಿ ದಾಳಿಗೆ ಹೋದವನು ವಾಪಸು ಬರಲಿಲ್ಲ. ಮೂರನೆಯ ಸಲ ತಪ್ಪಿದರೆ ನಾಲ್ಕನೆಯದಿಲ್ಲ ಎಂದು ಮ್ಯೂರಿಯಲ್‌ಳ ತಾಯಿ ಕಾಗದ ಬರೆದಿದ್ದಳು.

ರಜ ಸಿಗುವುದಕ್ಕೆ ಒಂದೇ ದಾರಿಯಿತ್ತು. ಬೆಳಿಗ್ಗೆ ಅಭ್ಯಾಸದ ಹಾರಾಟ. ಸಮುದ್ರದ ನಡುವಿನ ಮರಳುದಿಬ್ಬದಲ್ಲಿ ಒಂದು ತಗಡಿನ ಗುರಿ. ಸಿಡ್ನಿ ಬರಿಯ ರೇಡಾರ್ ನೋಡಿ ಅದರ ಮೇಲೆ ಹಸಿರು ದೀಪ ಹಾಕಬೇಕು. ಹಿಂದಿನ ಎಂಟು ವಿಮಾನಗಳು ಆ ದೀಪಕ್ಕೆ ಹೊಗೆಬಾಂಬು ಹಾಕಬೇಕು. ತಮಗೆ ಕೊಟ್ಟ ಗುರಿಯ ನೂರು ಗಜದೊಳಗೆ ಹಾಕಿದವರಿಗೆ ಎರಡು ದಿನ ರಜ ಎಂದು ವಿಂಗ್ ಕಮಾಂಡರ್ ಹೆದರಿಂಗ್ಟನ್ ಸಾರಿದ.

ಕೆಳಗೆ ತೆಳ್ಳನೆಯ ಮಂಜು. ಸಿಡ್ನಿ ಕಪ್ಪು ಪರದೆಯ ಹಿಂದೆ, ಅಡುಗೆಮನೆಯಲ್ಲಿ ಹಾಲು ಕಾಯುವ ಬೆಕ್ಕಿನಂತೆ ಕೂತಿದ್ದ. ಯಂತ್ರದಲ್ಲಿ ನೆಲ ಬೆಳ್ಳಗೆ, ನೀರು ಕಪ್ಪಗೆ.

"ಏನೋ ಮದುಮಗ, ಸಮುದ್ರ ಬಂತೇನೋ?" ಎಂದು ವಿಮಾನ ನಡೆಸುವ ಕ್ಲಾರೆನ್ಸ್ ಕೇಳಿದ.

"ಬಂದ ಹಾಗಿದೆ. ಆದರೆ ಇಷ್ಟು ಬೇಗ ಹೇಗೆ ಬಂತು ಅಂತ."

"ಹಿಂದಿಂದ ಗಾಳಿ ಬೀಸ್ತಿದೆ ಕಣೋ," ಎಂದ ಬಾಲದ ಬಂದೂಕಿನ ಮೆಕ್ಫಿ. "ನಿನ್ನ ಮದುವೆಗೆ ಗಾಳಿಗೂ ಅವಸರ."

"ಇನ್ನೊಂದು ಸುತ್ತು ಹೊಡೆದು ನೋಡೋಣವಾ?" ಎಂದ ಸಿಡ್ನಿ.

"ಸುತ್ತು ಹೊಡೀತಾ ಕೂತ್ಕೊ," ಎಂದ ಕ್ಲಾರೆನ್ಸ್. "ಒಂದು ಗಂಟೆ ಬಸ್ಸು ನಿನಗೋಸ್ಕರ ಕಾಯುತ್ತಾ? ಕಪ್ಪು ಇದೆ ತಾನೆ?"

"ಇದೆ."

"ಅದರಲ್ಲಿ ಬಿಳಿ ಚುಕ್ಕೆ?"

"ಅದೂ ಇದೆ."

"ಮತ್ತೇನು ಬೇಕು ನಿನಗೆ, ಬ್ಯಾಂಡು ಬಜಾಯಿಸಬೇಕಾ? ಹಾಕು ಮಾರಾಯ."

ಸಿಡ್ನಿ ಹಾಕಿದ. ಮಂಜಿನಲ್ಲಿ ಹಸಿರು ಅರಳಿತು. ಹಿಂದಿನ ಎಂಟೂ ವಿಮಾನಗಳು ಹಳ್ಳ ಹಾರುವ ಕುರಿಗಳಂತೆ ಒಂದರ ಹಿಂದೊಂದು ಬಂದು ಅಲ್ಲೇ ಹಾಕಿದವು. ಯಾರೂ ನೆಲ ನೋಡಲಿಲ್ಲ.

ಹನ್ನೊಂದು ಗಂಟೆಗೆ ಎನಾಕ್ ಎಂಬ ಬಾತುಬೇಟೆಯ ಮುದುಕ ಸೈಕಲ್ಲಿನಲ್ಲಿ ಶಿಬಿರಕ್ಕೆ ಬಂದ. ಮುಖವೆಲ್ಲ ಮಸಿ. ಕಮಾಂಡರನ ಮೇಜಿನ ಮೇಲೆ ಟೋಪಿ ಇಟ್ಟ.

"ರಾತ್ರಿ ಹೊಳೆ ನೀರು ಬಂದು ನನ್ನ ಗುಡಿಸಲ ಸುತ್ತ ಕೆರೆ ಆಗಿತ್ತು ಸಾರ್. ಒಳ್ಳೇದೇ ಆಯ್ತು, ಬಾತು ಬರ್ತವೆ ಅಂತ ದೋಣೀಲಿ ಕೂತಿದ್ದೆ. ಗುಡಿಸಲ ತಗಡಿನ ಸೂರಿನ ಮೇಲೆ ಹಸಿರು ದೀಪ ಬಿತ್ತು. ಆಮೇಲೆ ಎಂಟು ಬಾಂಬು. ಒಂದೂ ಹತ್ತು ಗಜ ಆಚೆ ಬೀಳಲಿಲ್ಲ. ನಲವತ್ತು ವರ್ಷದಿಂದ ಗುರಿ ಹಿಡೀತಿದೀನಿ, ನನಗೆ ಹಂಗೆ ಬರಲ್ಲ."

"ಸಮುದ್ರ ಅಲ್ಲಿಂದ ಎಷ್ಟು ದೂರ?"

"ಇಪ್ಪತ್ತು ಮೈಲಿ ಇರಬಹುದು. ಗುಡಿಸಲಿಗೆ ಸೂರು ಹೊದಿಸಿಕೊಟ್ಟರೆ ಸಾಕು ಸಾರ್. ಬಾತುಗಳ ವಿಷಯ ನಾನು ಎತ್ತಲ್ಲ."

ಹೆದರಿಂಗ್ಟನ್ ನ್ಯಾಯವಂತ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ.

"ಎಂಟು ವಿಮಾನದವರಿಗೆ ಕೊಟ್ಟ ಗುರಿ ದೀಪ. ದೀಪದಿಂದ ಹತ್ತು ಗಜ. ಈ ದಳದಲ್ಲಿ ಇಷ್ಟು ಚೆನ್ನಾಗಿ ಯಾರೂ ಹಾಕಿಲ್ಲ. ಐವತ್ತಾರು ಜನಕ್ಕೂ ರಜ. ಕ್ಲಾರೆನ್ಸ್, ನಿನಗೆ ಕೊಟ್ಟ ಗುರಿ ಟಾಪ್ಸೆಲ್ ಹೇಳಿದ ದಾರಿ. ಕೂದಲೆಳೆಯಷ್ಟೂ ತಪ್ಪಿಲ್ಲ. ನಿನಗೂ ನಿನ್ನ ಜೊತೆಯವರಿಗೂ ರಜ."

"ನನಗೆ ಸಾರ್?" ಎಂದ ಸಿಡ್ನಿ.

"ನಿನಗೆ ಕೊಟ್ಟ ಗುರಿ ಸಮುದ್ರದಲ್ಲಿತ್ತಪ್ಪ. ನಾಳೆ ಬೆಳಿಗ್ಗೆ ಇನ್ನೊಮ್ಮೆ ಪ್ರಯತ್ನ ಮಾಡು."

"ಸಾರ್, ಇವತ್ತು ಮೂರಕ್ಕೆ ನನ್ನ ಮದುವೆ."

"ಹಾಗಿದ್ದರೆ ಬೆಳಿಗ್ಗೆ ಗಮನ ಇಟ್ಟು ನೋಡಬೇಕಿತ್ತು," ಎಂದು ಕಮಾಂಡರ್ ಮೃದುವಾಗಿಯೇ ಹೇಳಿದ.

ಅರವತ್ತೆರಡು ಜನ ಬೂಟಿಗೆ ಪಾಲಿಶ್ ಹಾಕತೊಡಗಿದರು. ಕ್ಲಾರೆನ್ಸ್ ಸಿಡ್ನಿಯ ಮಂಚದ ಮೇಲೆ ಬಂದು ಕೂತ. "ಬೇಜಾರು ಮಾಡ್ಕೋಬೇಡ ಕಣೋ. ನಾವೆಲ್ಲ ಹೋಗಿ ಮ್ಯೂರಿಯಲ್‌ಗೆ ಸಮಾಧಾನ ಹೇಳ್ತೀವಿ. ಮನೆ ಎಲ್ಲಿ, ಅದನ್ನು ಹೇಳು."

ಸಿಡ್ನಿ ಕಾಗದದ ಮೇಲೆ ನಕ್ಷೆ ಬರೆದುಕೊಟ್ಟ. ಚರ್ಚು, ಸೇತುವೆ, ಮೂರನೆಯ ಬಾಗಿಲು. ತಪ್ಪು ಮನೆಗೆ ಹೋಗಬಾರದೆಂದು ಬಾಗಿಲ ಮುಂದೆ ಕೆಂಪು ಪೆನ್ಸಿಲಿನಿಂದ ಗುರುತನ್ನೂ ಹಾಕಿದ.

ಸಂಜೆ ಆರಕ್ಕೆ ಕಚೇರಿಗೆ ಸಿಡ್ನಿಗೆಂದು ಫೋನು ಬಂತು. ಮ್ಯೂರಿಯಲ್‌ಳ ತಾಯಿ ಮಿಸೆಸ್ ಪೀಚಿ. ಹಿಂದೆ ಪಿಯಾನೊ, ನಗು.

"ಅಮ್ಮಾ, ನನ್ನ ತಪ್ಪಿಲ್ಲ. ಹೊಳೆಯ ನೀರು..."

"ಎಲ್ಲಾ ಹೇಳಿದರಪ್ಪ. ಅರವತ್ತೆರಡು ಜನ ಒಬ್ಬೊಬ್ಬರಾಗಿ ಹೇಳಿದರು. ಇಪ್ಪತ್ತು ಜನಕ್ಕೆ ಮಾಡಿದ್ದ ಊಟ ಮೊದಲ ಹತ್ತು ಜನ ಹೇಳೋಷ್ಟರಲ್ಲಿ ಮುಗೀತು."

"ಮ್ಯೂರಿಯಲ್ ಅಳ್ತಿದಾಳಾ?"

"ಒಂದು ಗಂಟೆ ಅತ್ತಳು. ಸಮಾಧಾನ ಮಾಡೋಕೆ ಅಂತ ನಿನ್ನ ಕ್ಲಾರೆನ್ಸ್ ಕುಣಿಸಿದ. ಈಗ ಐದನೇ ಹಾಡು. ಇನ್ನೂ ಅವನ ಜೊತೇಲೇ ಇದಾಳೆ."

ಸಿಡ್ನಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದ. "ನಾಲ್ಕನೆಯ ಸಲ ದಿನ ಗೊತ್ತು ಮಾಡಲ್ಲ ಅಂತ ಬರೆದಿದ್ದಿರಿ."

"ಬರೆದಿದ್ದೆ. ಆದರೆ ಅವಳ ಮುಖ ನೋಡಿ ಮನಸ್ಸು ಬದಲಾಯಿಸಿದೀನಿ. ದಿನ ಗೊತ್ತು ಮಾಡ್ತೀನಿ. ಹುಡುಗ ಯಾರು ಅಂತ ಅವಳು ಇನ್ನೂ ಹೇಳಿಲ್ಲ."