ಹುಣಸೆಹಳ್ಳದ ಫ್ರೈಹೆರ್

ನನ್ನ ಹೆಂಡತಿಯ ತಮ್ಮ ಜರ್ಮನಿಯ ಕುಲೀನ ಮನೆತನದವನು. ಹುಟ್ಟಿದ್ದು ಮಾತ್ರ ಮೈಸೂರಿನ ಹತ್ತಿರದ ಹುಣಸೆಹಳ್ಳದಲ್ಲಿ. ಅದೇನು ಅವನ ತಪ್ಪೇ?

ಗಲ್ಫಿನಲ್ಲಿ ನಡೆದ ಫುಟ್‌ಬಾಲ್ ವರ್ಲ್ಡ್ ಕಪ್ಪಿಗೆ ಮುಂಚಿನ ಎರಡು ವರ್ಷ ಅವನು ಅಲ್ ಥುಮಾಮಾದ ನಮ್ಮ ಮನೆಯಲ್ಲೇ ಇದ್ದ. ಕ್ರೀಡಾಂಗಣಗಳಿಗೆ ಕುರ್ಚಿ ಕೂರಿಸುವ ಕಂಪನಿಯಲ್ಲಿ ಸ್ಟೋರ್ ಮ್ಯಾನೇಜರ್. ಜೀವನವಿಡೀ ಅಸಿಸ್ಟೆಂಟ್ ಆಗಿದ್ದವನಿಗೆ ಕೊನೆಗೂ ಸಿಕ್ಕ ಪದವಿ. ಆಟ ಮುಗಿದರೆ ಕೆಲಸವೂ ಮುಗಿಯುತ್ತದೆಂದು ಗೊತ್ತಿದ್ದರಿಂದಲೋ ಏನೋ, ಆ ಪದವಿಯನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಜೋಪಾನ ಮಾಡುತ್ತಿದ್ದ. 'ಮ್ಯಾನೇಜರ್ ಅಣ್ಣ' ಎಂದು ಯಾರಾದರೂ ಕರೆದರೆ ಸಾಕು, ತಾನು ಮೆಟ್ಟಿಲು ಹತ್ತಿ ಅವರಿಗೆ ಲಿಫ್ಟ್ ಬಿಟ್ಟುಕೊಡುತ್ತಿದ್ದ.

ನಾನು ಅಲಾರಂ ಹೊಡೆಯುವ ಮುಂಚೆ ಏಳುವವನು. ಅವನು ಎದ್ದ ಮೇಲೂ ಕನಸು ಕಾಣುವವನು. ಹೀಗಿರುವಾಗ ಅವನ ಆಫೀಸಿಗೆ ಒಬ್ಬ ಜರ್ಮನ್ ಇಂಜಿನಿಯರ್ ಬಂದ. ಸರ್‌ನೇಮಿನ ಜಾಗದಲ್ಲಿ ಒಂದು ಇಡೀ ರೈಲು: ಫ್ರೈಹೆರ್ ಫೊನ್ ಐಖೆನ್‌ಬಾಖ್.

"ಫ್ರೈಹೆರ್ ಅಂದ್ರೆ ಸ್ವತಂತ್ರ ಒಡೆಯ, ಭಾವ. ಚಕ್ರವರ್ತಿ ಬಿಟ್ರೆ ಇನ್ಯಾರಿಗೂ ತಲೆ ಬಾಗ್ಬೇಕಿಲ್ಲ."

"ನಿನ್ ಮೇಲೆ ಬಾಸ್‌ಗಳು ಎಷ್ಟು ಜನ?"

"ಐದು. ಅದು ಬಿಡಿ. ಫೊನ್ ಅಂದ್ರೆ 'ಇಂಥಾ ಊರಿನ'. ಐಖೆ ಅಂದ್ರೆ ಓಕ್ ಮರ, ಬಾಖ್ ಅಂದ್ರೆ ಹಳ್ಳ. ನಮ್ದು ಹುಣಸೆಹಳ್ಳ. ಸುಮ್ನೆ ಎಚ್ ಅಂತ ಇನಿಷಿಯಲ್ ಇಟ್ಕೊಂಡು ಅರ್ಧ ಆಯುಸ್ಸು ವೇಸ್ಟ್ ಮಾಡ್ದೆ."

ಅಂದಿನಿಂದ ಬಿರುದುಗಳ ಹಂಚಿಕೆ ಶುರುವಾಯಿತು. ಕಟ್ಟಡದ ವಾಚ್‌ಮನ್ ಬುರ್ಗ್‌ಗ್ರಾಫ್, ಅಂದರೆ ಕೋಟೆಯ ಪಾಲಕ. ಅಡುಗೆಮನೆಯ ಹೊಸ್ತಿಲು ಕಾಯುವ ನನ್ನ ಹೆಂಡತಿಗೆ ಗಡಿಸೀಮೆಯ ಅಧಿಪತಿಯ ಬಿರುದು.

"ಮೊದ್ಲು ಆ ತಟ್ಟೆ ತೊಳ್ದಿಡು, ಒಡೆಯ," ಎಂದಳು ಅವನ ಅಕ್ಕ.

ನನಗೆ?

"ನೀವು ಚಕ್ರವರ್ತಿ, ಭಾವ. ನಿಮಗೊಬ್ರಿಗೇ ನಾನು ತಲೆ ಬಾಗೋದು."

ಸಂಜೆ ಟೆರೇಸಿನಲ್ಲಿ ಕೂರುತ್ತಿದ್ದೆವು. ದೂರದಲ್ಲಿ ಕ್ರೀಡಾಂಗಣ, ಅರಬರ ಬಿಳಿಯ ಟೋಪಿಯನ್ನು ಯಾರೋ ಮರಳಿನ ಮೇಲೆ ಮರೆತು ಹೋದಂತೆ. ವಿಮಾನಗಳು ದೀಪ ಹಚ್ಚಿಕೊಂಡು ಒಂದರ ಹಿಂದೊಂದು ಇಳಿಯುತ್ತಿದ್ದವು. ಅವನ ಚಹಾ ಆರುತ್ತಿತ್ತು. ಅವನು ತನ್ನ ಕೋಟೆಗೆ ಕುರ್ಚಿ ಕೂರಿಸುತ್ತಿದ್ದ. ಎಬ್ಬಿಸಲು ನನಗೂ ಮನಸ್ಸಾಗುತ್ತಿರಲಿಲ್ಲ.

ಒಂದು ಸಂಜೆ ಮಾತ್ರ ಮಂಕಾಗಿದ್ದ.

"ಆ ಜರ್ಮನ್ ಸಾಹೇಬ್ರ ಕೋಟೆ ಎಲ್ಲಿದೆ ಅಂತ ಕೇಳ್ದೆ, ಭಾವ. ಕೋಟೆ ಮಾಫಿ, ಜಮೀನು ಮಾಫಿ, ಏನಂದ್ರೆ ಏನೂ ಇಲ್ಲ. ನೂರು ವರ್ಷದ ಹಿಂದೆ ಚಕ್ರವರ್ತಿ ಹೋದ, ಒಡೆತನ ಎಲ್ಲ ಖಲಾಸ್. ಈಗ ಕಾನೂನಿನ ಪ್ರಕಾರ ಫ್ರೈಹೆರ್ ಅನ್ನೋದು ಬಿರುದೇ ಅಲ್ವಂತೆ. ಸರ್‌ನೇಮಿನ ಒಂದು ತುಂಡು, ಅಷ್ಟೇ."

ವರ್ಲ್ಡ್ ಕಪ್ ಮುಗಿಯಿತು. ಕುರ್ಚಿಗಳನ್ನು ಕಳಚುವ ಕೆಲಸ ಬೇರೆಯವರಿಗೆ ಹೋಯಿತು. ಇವನಿಗೆ ಊರಿನ ಟಿಕೆಟ್ ಬಂತು.

ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ದಪ್ಪಕ್ಷರದಲ್ಲಿ ಹೆಸರು ಬರೆಯುವುದು ನಮ್ಮಲ್ಲಿ ಯಾರು ಹೊರಟರೂ ನನ್ನ ಕೆಲಸ. ಮಾರ್ಕರ್ ಹಿಡಿದು ಕುಳಿತೆ.

"ಬರೀ ಹೆಸರು ಹಾಕಿ, ಭಾವ. ಮ್ಯಾನೇಜರ್ ಖಲಾಸ್."

ಹೆಸರು ಬರೆದೆ. ಅದರ ಪಕ್ಕದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ, ಮ್ಯಾನೇಜರ್ ಎಂದು ಬರೆದೆ. ಕೆಳಗೆ ಹುಣಸೆಹಳ್ಳ.

"ಕೆಲ್ಸಾನೇ ಇಲ್ವಲ್ಲ, ಭಾವ. ನೀವು ಸುಳ್ಳು ಬರೆಯೋರಲ್ಲ."

"ಇದು ಹುದ್ದೆ ಅಲ್ಲಪ್ಪ," ಎಂದೆ. "ಸರ್‌ನೇಮು."

ಅವನು ಹಗ್ಗದ ಗಂಟು ಸರಿಯಿದೆಯೇ ಎಂದು ನೋಡುವವನಂತೆ ತಲೆ ಬಾಗಿಸಿದ. ಬಹಳ ಹೊತ್ತು ಎತ್ತಲಿಲ್ಲ.