ಹದಿನಾಲ್ಕು ಎರವಲು

ಬೈಂಡರನ ತಲೆ ಕೆಡಿಸಿದ್ದು ಅವನ ಹೆಂಡತಿಯ ತಮ್ಮ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಮೊಬೈಲಿಗೆ ಒಂದು ಪರೀಕ್ಷೆ ಕಳಿಸಿದ್ದ: 'ನಿಮ್ಮ ಎರವಲು ಅಭ್ಯಾಸಗಳನ್ನು ತಿಳಿಸಿ, ನಿಮ್ಮ ಕ್ರೆಡಿಟ್ ಸ್ಕೋರ್ ಅಂದಾಜಿಸಿ.' ಕೆಳಗೆ ತನ್ನದೊಂದು ಸಾಲು: 'ಭಾವ, ಸ್ಕೋರ್ ಕಮ್ಮಿ ಇದ್ರೆ ಬ್ಯಾಂಕಿನವರು ಬಾಗಿಲಿಂದಾನೇ ವಾಪಸ್ ಹೋಗ್ತಾರೆ.'

ಬ್ಯಾಂಕಿನ ಮೇಡಂ ಬರುವುದಿದ್ದದ್ದು ಅವತ್ತೇ, ನಾಲ್ಕು ಗಂಟೆಗೆ. ಬೈಂಡರ್ ಇಪ್ಪತ್ತೆರಡು ವರ್ಷ ಪುಸ್ತಕ ಕಟ್ಟುತ್ತಾ ದುಡಿದ ಪ್ರೆಸ್ಸು ಮುಚ್ಚುತ್ತಿತ್ತು. ಅಲ್ಲಿನ ಕಾಗದ ಕತ್ತರಿಸುವ ಯಂತ್ರವನ್ನು ಕೊಂಡು, ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕೆಲಸ ಶುರುಮಾಡಬೇಕೆಂದು ಸಾಲಕ್ಕೆ ಅರ್ಜಿ ಹಾಕಿದ್ದ. ಸಂಜೆ ಆರರೊಳಗೆ ಬ್ಯಾಂಕು ಹೂಂ ಅನ್ನದಿದ್ದರೆ ಯಂತ್ರ ಗುಜರಿಗೆ ಹೋಗುತ್ತಿತ್ತು. ಅದರ ಹಿಡಿಕೆ ತನ್ನ ಅಂಗೈಗೆ ತಕ್ಕಂತೆ ಸವೆದಿದೆ ಎಂಬುದು ಬೈಂಡರನ ಹೆಮ್ಮೆ. ಅದನ್ನು ಯಾರೋ ತೂಕಕ್ಕೆ ಹಾಕುವುದನ್ನು ನೆನೆಯಲೂ ಅವನು ಸಿದ್ಧನಿರಲಿಲ್ಲ.

ಮೊದಲ ಪ್ರಶ್ನೆ: 'ಪ್ರಸ್ತುತ ನಿಮ್ಮ ಬಳಿ ಎಷ್ಟು ಎರವಲುಗಳಿವೆ?'

ಸಾಲ ಎಂದು ಕೇಳಿದ್ದರೆ ಬೈಂಡರ್ ಎದೆ ತಟ್ಟಿಕೊಂಡು ಸೊನ್ನೆ ಒತ್ತುತ್ತಿದ್ದ. ಹುಟ್ಟಿದಾಗಿನಿಂದ ಯಾರ ಹತ್ತಿರವೂ ಬಿಡಿಗಾಸು ಸಾಲ ಮಾಡಿದವನಲ್ಲ. ಆದರೆ ಎರವಲು? ಅವನು ಕೋಣೆಯನ್ನೊಮ್ಮೆ ಕಣ್ಣಾಡಿಸಿ ನೋಡಿದ. ಮೂಲೆಯಲ್ಲಿ ಮಹಡಿ ಮೇಲಿನ ರಿಟೈರ್ಡ್ ಪೋಸ್ಟ್‌ಮಾಸ್ಟರರ ಏಣಿ. ಗೋಡೆಯ ಗೂಡಿನಲ್ಲಿ ಪಕ್ಕದ ಮನೆ ನರ್ಸಮ್ಮನ ಇಸ್ತ್ರಿಪೆಟ್ಟಿಗೆ. ತಾನು ಕೂತಿದ್ದು ಎದುರುಮನೆ ಟೈಲರನ ಎರಡು ಕುರ್ಚಿಗಳಲ್ಲೊಂದು.

"ಏನೇ, ನಮ್ಮನೇಲಿ ನಮ್ದು ಅಂತ ಏನಾದ್ರೂ ಇದ್ಯಾ?"

"ನಾನಿದೀನಲ್ಲ," ಎಂದ ಹೆಂಡತಿ ಬೆರಳು ಮಡಿಸುತ್ತಾ ಎಣಿಸಿದಳು. ಕೊಡೆ, ಸುತ್ತಿಗೆ, ಮಿಕ್ಸಿ ಜಾರು ಎಲ್ಲ ಸೇರಿ ಹದಿನಾಲ್ಕಾಯಿತು.

ಅತಿ ಹಳೆಯ ಎರವಲು ಎಷ್ಟು ವರ್ಷದ್ದು? ಏಣಿ, ಒಂಬತ್ತು. ಹಿಂದಿರುಗಿಸುವಲ್ಲಿ ವಿಳಂಬವಾಗಿದೆಯೇ? ಬೈಂಡರ್ ಬೆವರುತ್ತಾ 'ಹೌದು' ಒತ್ತಿದ. ಫೋನು ಸ್ವಲ್ಪ ಹೊತ್ತು ಗಿರಗಿರನೆ ಯೋಚಿಸಿ ಕೆಂಪಾಯಿತು. ಮುನ್ನೂರ ಹನ್ನೆರಡು. ತೀರಾ ಕಳಪೆ.

"ನಾಲ್ಕು ಗಂಟೆಯೊಳಗೆ ಒಂದೂ ಉಳೀಬಾರದು!" ಎಂದವನೇ ಏಣಿ ಹೆಗಲಿಗೇರಿಸಿ ಮಹಡಿ ಹತ್ತಿದ.

ಪೋಸ್ಟ್‌ಮಾಸ್ಟರರು ಕನ್ನಡಕ ಏರಿಸಿ ನೋಡಿದರು. "ಒಂಬತ್ತು ವರ್ಷ ಆದ್ಮೇಲೆ ವಾಪಸ್ಸಾ? ಎಲ್ಲಿಗ್ರೀ ಹೊರಟ್ರಿ?"

"ಎಲ್ಲಿಗೂ ಇಲ್ಲ ಸಾರ್. ಸುಮ್ನೆ."

"ಸುಮ್ನೆ ಯಾರ್ರೀ ಏಣಿ ವಾಪಸ್ ಕೊಡ್ತಾರೆ!"

ಮುನ್ನೂರ ಹನ್ನೆರಡರ ವಿಷಯ ಬಾಯಿಬಿಡಲು ಬೈಂಡರನಿಗೆ ನಾಚಿಕೆ. ಗಡಿಬಿಡಿಯಲ್ಲಿ ತಿರುಗಿದ. ಏಣಿಯ ಹಿಂತುದಿ ಕಿಟಕಿಗೆ ಬಡಿದು ಗಾಜು ಪುಡಿಪುಡಿಯಾಯಿತು.

"ನಾಳೆ ಹಾಕಿಸಿಕೊಡ್ತೀನಿ ಸಾರ್!"

"ನಾಳೆ ಇರ್ತೀರಾ?" ಎಂದರು ಪೋಸ್ಟ್‌ಮಾಸ್ಟರರು.

ಇಸ್ತ್ರಿಪೆಟ್ಟಿಗೆ ಕೈಗೆ ಬಂದಾಗ ನರ್ಸಮ್ಮನ ಕಣ್ಣಲ್ಲಿ ನೀರೇ ಬಂತು. ಎರಡು ಕುರ್ಚಿ ತಲೆಯ ಮೇಲೆ ಹೊತ್ತು ಬಂದವನನ್ನು ಕಂಡ ಟೈಲರ್ ಹೊಲಿಗೆ ನಿಲ್ಲಿಸಿ, ಬಂದ ಗಿರಾಕಿಗಳಿಗೆಲ್ಲ ಸುದ್ದಿ ಹಂಚಿದ. ಬೈಂಡರ್ ಹದಿನಾಲ್ಕನೆಯದಾದ ಕೊಡೆಯನ್ನು ಮುಟ್ಟಿಸಿ ಬರುವಷ್ಟರಲ್ಲಿ, ಅವನು ಮನೆ ಖಾಲಿ ಮಾಡುತ್ತಿದ್ದಾನೆಂಬುದು ಅವನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಗೊತ್ತಾಗಿತ್ತು.

ನಾಲ್ಕಕ್ಕೆ ಸರಿಯಾಗಿ ಬ್ಯಾಂಕಿನ ಮೇಡಂ ಬಂದರು.

"ಕೂತ್ಕೊಳ್ಳಿ ಮೇಡಂ," ಎಂದ ಬೈಂಡರ್, ರೂಢಿಯಂತೆ. ಇಬ್ಬರೂ ಕುರ್ಚಿ ಇರಬೇಕಾಗಿದ್ದ ಜಾಗ ನೋಡಿದರು. ಮೇಡಂ ಗೋಡೆಗೆ ಫೈಲು ಒತ್ತಿ ಬರೆಯತೊಡಗಿದರು.

ಅಷ್ಟರಲ್ಲಿ ಬಾಗಿಲಲ್ಲಿ ನರ್ಸಮ್ಮ. "ಅಣ್ಣಾ, ಹೋದ ಕಡೆ ಚೆನ್ನಾಗಿರಿ. ನಮ್ಮನ್ನ ಮರೀಬೇಡಿ." ಹಿಂದೆಯೇ ಪೋಸ್ಟ್‌ಮಾಸ್ಟರರು: "ಹೋಗೋಕೆ ಮುಂಚೆ ಆ ಗಾಜಿಂದು ಒಂದು ತೀರ್ಮಾನ ಮಾಡ್ಬಿಡಿ."

ಮೇಡಂ ಪೆನ್ನು ನಿಂತಿತು. ಬೈಂಡರ್ ಬಾಗಿಲಿಗೂ ಮೇಡಂಗೂ ನಡುವೆ ನುಗ್ಗಿದ. "ನಾನೆಲ್ಲಿಗೂ ಹೋಗ್ತಿಲ್ಲ ಮೇಡಂ!" ಎಂದು ಫೋನು ಹಿಡಿದು, ಮುನ್ನೂರ ಹನ್ನೆರಡರಿಂದ ಹಿಡಿದು ಕೊಡೆಯವರೆಗೆ ಒಂದೇ ಉಸಿರಲ್ಲಿ ಒಪ್ಪಿಸಿದ.

ಮೇಡಂ ಹಣೆ ಹಿಡಿದುಕೊಂಡರು. "ಅಲ್ಲಿ ಎರವಲು ಅಂದ್ರೆ ಸಾಲ ಕಣ್ರೀ! ಯಾರೋ ತಪ್ಪು ತರ್ಜುಮೆ ಮಾಡಿದಾರೆ. ಸಾಲಾನೇ ಮಾಡದವರಿಗೆ ಸ್ಕೋರೇ ಇರಲ್ಲ. ಅದಕ್ಕೇ ನಾವು ಮನೆಗೆ ಬರೋದು. ಇದ್ದಲ್ಲೇ ಇರೋ ಜನಾನಾ, ಅಕ್ಕಪಕ್ಕದವರು ನಂಬಿ ಒಂದು ಸಾಮಾನು ಕೊಡ್ತಾರಾ ಅಂತ ನೋಡೋಕೆ."

"ಕೊಟ್ಟಿದ್ರು ಮೇಡಂ! ಹದಿನಾಲ್ಕು ಕೊಟ್ಟಿದ್ರು!"

"ಎಲ್ಲಿ, ತೋರ್ಸಿ."

ಬೈಂಡರ್ ಖಾಲಿ ಮೂಲೆಯತ್ತ ಕೈ ಎತ್ತಿ, ಹಾಗೇ ಇಳಿಸಿದ. 'ಮನೆ ಖಾಲಿ. ನೆರೆಯವರ ಪ್ರಕಾರ ಊರು ಬಿಡುತ್ತಿದ್ದಾರೆ' ಎಂದು ಬರೆದ ಮೇಡಂ, "ಆರು ತಿಂಗಳು ಬಿಟ್ಟು ಅರ್ಜಿ ಹಾಕಿ," ಎಂದು ಹೊರಟುಹೋದರು.

ಬೈಂಡರ್ ಪ್ರೆಸ್ಸಿನ ಯಜಮಾನರಿಗೆ ಫೋನು ಮಾಡಿದ. "ಸಾರ್, ಮಾರ್ಬೇಡಿ. ಸಾಲ ಸಿಗೋವರೆಗೂ ಆ ಯಂತ್ರ ಎರವಲು ಕೊಟ್ಟಿರಿ, ಕೈಮುಗೀತೀನಿ."

"ಕೊಡ್ತಿದ್ನಪ್ಪಾ," ಎಂದರು ಯಜಮಾನರು ನೊಂದುಕೊಂಡು. "ಬೆಳಿಗ್ಗೆ ಕೇಳಿದ್ರೆ ಸುಮ್ನೆ ಎತ್ಕೊಂಡ್ಹೋಗು ಅಂತಿದ್ದೆ. ಈಗಷ್ಟೇ ಪ್ಯಾಂಟು ಹೊಲಿಸೋಕೆ ಹೋಗಿದ್ದೆ, ಟೈಲರ್ ಎಲ್ಲಾ ಹೇಳಿದ. ಊರು ಬಿಡೋನಿಗೆ ಯಾರಪ್ಪಾ ಎರವಲು ಕೊಡ್ತಾರೆ? ಗುಜರಿಯವನು ಗಾಡಿ ತಂದಿದಾನೆ, ಫೋನ್ ಇಡ್ತೀನಿ."

ಬೈಂಡರನ ಅಂಗೈ ಸುಮ್ಮನೆ ಹಿಡಿಕೆಯ ಆಕಾರಕ್ಕೆ ಮಡಚಿಕೊಂಡಿತು. ಅಷ್ಟರಲ್ಲಿ ಹೆಂಡತಿ ಫೋನು ಕಸಿದುಕೊಂಡು ಏನೇನೋ ಒತ್ತಿ, ಅವನ ಮುಖದ ಮುಂದೆ ಹಿಡಿದಳು.

"ಈಗ ಎರವಲು ಒಂದೂ ಇಲ್ಲ ಅಂತ ಒತ್ತಿದೆ ಕಣ್ರೀ. ನೋಡಿ, ಎಂಟುನೂರ ಐವತ್ತು! ಅತ್ಯುತ್ತಮ ಅಂತೆ!"

ಪರದೆ ಹಚ್ಚಹಸಿರಾಗಿ ಹೊಳೆಯುತ್ತಿತ್ತು. ಬೈಂಡರ್ ಅದನ್ನು ಕೂತು ನೋಡೋಣವೆಂದು ಹಿಂದೆ ಕೈಯಾಡಿಸಿದ. ಕುರ್ಚಿ ಇರಲಿಲ್ಲ.