ಬೀಗರ ಸೀಟು

ಬೂದಿಗೆರೆಯ ಹನುಮಂತರಾಯಪ್ಪನವರಿಗೆ ಮಗನಿಗೆ ನೋಡಿದ ಹುಡುಗಿ ಒಪ್ಪಿಗೆಯಾಗಿದ್ದಳು. ಮನೆತನ ಒಪ್ಪಿಗೆಯಾಗಿತ್ತು, ಜಾತಕವೂ ಕೂಡಿತ್ತು. ಒಪ್ಪಿಗೆಯಾಗದೆ ಉಳಿದದ್ದು ಹುಡುಗಿಯ ತಂದೆಯ ಕಾರಿನ ಸೀಟು ಮಾತ್ರ.

ಅದಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ಹೆಣ್ಣು ನೋಡುವ ಶಾಸ್ತ್ರಕ್ಕೆ ಆ ತಂದೆ, ದೇವನಹಳ್ಳಿಯ ರಾಮಾಂಜಿನಪ್ಪ, ತಾನೇ ಕಾರು ಓಡಿಸಿಕೊಂಡು ಹೋಗಿ ಅವರನ್ನು ಕರೆತಂದಿದ್ದ. ಕಾರು ಪುಟ್ಟದು. ಯುದ್ಧ ಮುಗಿದು ತನ್ನ ದೇಶಕ್ಕೆ ಹೊರಟ ಮಿಲಿಟರಿ ದೊರೆಯೊಬ್ಬ ಗಂಟುಮೂಟೆ ಕಟ್ಟುವ ಆತುರದಲ್ಲಿ ಮಾರಿಹೋದದ್ದು. ಊರವರು ಅದನ್ನು ಬೇಬಿ ಕಾರು ಎನ್ನುತ್ತಿದ್ದರು. ಆದರೆ ಬೇಬಿಗೆ ಆಗಲೇ ಮುಪ್ಪು ಬಂದಿತ್ತು. ಸೀಟಿನ ಬಟ್ಟೆ ಹರಿದು ಸ್ಪ್ರಿಂಗೊಂದು ತಲೆ ಹೊರಗೆ ಹಾಕಿತ್ತು. ದಾರಿಯ ಹಳ್ಳವೊಂದರಲ್ಲಿ ಕಾರು ಎಗರಿದಾಗ ಅದು ಹನುಮಂತರಾಯಪ್ಪನವರಿಗೆ ಚುಚ್ಚಬಾರದ ಕಡೆ ಚುಚ್ಚಿತು. ಅಂಥ ಭಾರಿ ಆಸಾಮಿ ಹೆಣ್ಣಿನ ಮನೆಯಲ್ಲಿ ನಿಂತೇ ಕಾಫಿ ಕುಡಿದರು, ನಿಂತೇ ಹುಡುಗಿಯನ್ನು ನೋಡಿದರು, ನಿಂತೇ ಹೊರಟರು. ಸಂಬಂಧ ಮುರಿಯಿತೆಂದೇ ಊರವರೆಲ್ಲ ತಿಳಿದಿದ್ದರು.

ಮಾರನೆಯ ದಿನ ಅವರಿಂದ ಮಾತು ಬಂತು. “ಹುಡುಗಿ ನಮ್ಮನೆಗೆ ಆಗ್ತಾಳೆ. ನಿಶ್ಚಿತಾರ್ಥಕ್ಕೆ ಬರ್ತೀನಿ. ಆದ್ರೆ ಆ ಸೀಟಿನ ಮೇಲೆ ಇನ್ನೊಂದ್ಸಲ ಕೂರ್ಸಿದ್ರೆ ಸಂಬಂಧ ಅಲ್ಲಿಗೇ ಮುಗೀತು ಅಂತ ಹೇಳ್ಬಿಡಿ.”

ಎತ್ತಿನ ಗಾಡಿ ಕಳಿಸೋಣವೆಂದರೆ ಅದೂ ಆಗದು. ಕಾರಿರುವ ಮನೆಯವರು ಗಾಡಿ ಕಳಿಸಿದರೆ ಬೀಗರ ಮರ್ಯಾದೆ ಏನಾದೀತು? ರಾಮಾಂಜಿನಪ್ಪನಿಗೆ ನಿದ್ದೆ ಹತ್ತಲಿಲ್ಲ. ಮಗಳು ವರಲಕ್ಷ್ಮಿಗೆ ಹಿಂದೆ ಬಂದಿದ್ದ ಸಂಬಂಧಗಳು ಏನೇನೋ ನೆಪಕ್ಕೆ ತಪ್ಪಿಹೋಗಿದ್ದವು. ಆಗೆಲ್ಲ ಅವಳು ಹಿತ್ತಿಲ ಮೂಲೆಯಲ್ಲಿ ಒಬ್ಬಳೇ ಕೂತಿರುತ್ತಿದ್ದುದನ್ನು ಅವನು ನೋಡಿದ್ದ. ಬೂದಿಗೆರೆಯ ಹುಡುಗ ಬಂದುಹೋದ ಮೇಲೆ ಅವಳು ರಾಗಿ ಬೀಸುವಾಗ ಹಾಡತೊಡಗಿದ್ದಳು. ಆ ಹಾಡು ಒಂದು ಸ್ಪ್ರಿಂಗಿನ ದೆಸೆಯಿಂದ ನಿಂತುಹೋಗುವುದೆಂದರೆ ತಂದೆಗೆ ಸಂಕಟವಾಗುತ್ತಿತ್ತು.

ದಾರಿ ತೋರಿಸಿದವನು ಪಕ್ಕದ ಮನೆಯ ನರಸಿಂಹಯ್ಯ. ಅವನು ಯಾರಿಗೂ ಯಾವ ವಿಷಯದಲ್ಲೂ ದಾರಿ ತೋರಿಸದೆ ಬಿಟ್ಟವನಲ್ಲ.

“ಅದಕ್ಯಾಕೆ ಇಷ್ಟು ಯೋಚ್ನೆ ಮಾಡ್ತೀಯ? ಬೆಂಗಳೂರಲ್ಲಿ ಮಿಲಿಟರಿ ಸಾಮಾನು ಹರಾಜು ಹಾಕ್ತಾವ್ರೆ. ಅಮೆರಿಕಾದ ದೊಡ್ಡ ದೊಡ್ಡ ಕಾರು ಕಣೋ, ಜನರಲ್‌ಗಳು ಕೂತು ಓಡಾಡಿದ್ದು! ಅದರ ಸೀಟು ತಂದು ಇದಕ್ಕೆ ಹಾಕು. ನಿನ್ನ ಬೀಗರು ಹೂವಿನ ಮೇಲೆ ಕೂತಂಗೆ ಬರ್ತಾರೆ.”

ನಿಶ್ಚಿತಾರ್ಥದ ಹಿಂದಿನ ಸಂಜೆ ಲಾರಿಯೊಂದರ ಮೇಲೆ ಸೀಟುಗಳು ಬಂದಿಳಿದವು. ಕೆಂಪು ತೊಗಲು, ಎತ್ತರದ ಬೆನ್ನು, ಕೈಯೂರಲು ಎರಡು ಕಡೆ ದಪ್ಪ ತೋಳು. ಬೆಳಿಗ್ಗೆ ಅವನ್ನು ತಂದು ಕಾರಿನ ಪಕ್ಕದಲ್ಲಿಟ್ಟಾಗ ಕಾರೇ ಸೀಟಿನ ಮರಿಯಂತೆ ಕಂಡಿತು.

“ಅಳತೆ ತಗೊಂಡಿದ್ರಾ?” ಎಂದು ಹೆಂಡತಿ ಪಿಳ್ಳಮ್ಮ ಕೇಳಿದಳು.

“ಸೀಟಿಗೆ ಅಳತೆ ಏನೇ? ಕೂರೋದು ಮನುಷ್ಯ ತಾನೇ?” ಎಂದ ರಾಮಾಂಜಿನಪ್ಪ.

ಎರಡು ಸೀಟೂ ಒಳಗೆ ಹೋಗಲಾರವೆಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದನ್ನು ಮಾತ್ರ ಬೀದಿಯ ಗಂಡಸರೆಲ್ಲ ಸೇರಿ ಕೂಗು ಹಾಕುತ್ತ ನೂಕಿ ಒಳಸೇರಿಸಿದರು. ಅದು ಬೀಗರ ಜಾಗವನ್ನೂ ತುಂಬಿ, ಡ್ರೈವರ್ ಜಾಗದ ಮುಕ್ಕಾಲು ಪಾಲನ್ನೂ ನುಂಗಿ ನಿಂತಿತು. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡಲಿಲ್ಲ. ಸುತ್ತ ಗೋಣಿಚೀಲ ತುರುಕಿ ಬಿಗಿ ಮಾಡಿದರು. ಹಳೆಯ ಸೀಟುಗಳನ್ನೇ ಮತ್ತೆ ಹಾಕೋಣವೆಂದರೆ ಪಿಳ್ಳಮ್ಮ ಅವನ್ನು ಆಗಲೇ ಬಿಚ್ಚಿ ಒಳಗಿನ ನಾರನ್ನು ಎಮ್ಮೆಯ ಕೊಟ್ಟಿಗೆಗೆ ಹರಡಿದ್ದಳು.

“ನಾನೆಲ್ಲಿ ಕೂತ್ಕೊಳ್ಳೋದು?” ರಾಮಾಂಜಿನಪ್ಪ ಕೇಳಿದ.

“ನೀನ್ಯಾಕೆ ಕೂತ್ಕೋಬೇಕು? ನೀನೇನು ಬೀಗನಾ?” ಎಂದ ನರಸಿಂಹಯ್ಯ. ಮಿಕ್ಕ ಸೀಟನ್ನು ಅವನು ತನ್ನ ಜಗಲಿಯ ಮೇಲೆ ಹಾಕಿಸಿಕೊಂಡು ಅದರಲ್ಲೇ ಕೂತು ಅಪ್ಪಣೆ ಕೊಡುತ್ತಿದ್ದ.

ಕೊನೆಗೆ ಪಿಳ್ಳಮ್ಮ ಊಟದ ಮಣೆಯೊಂದನ್ನು ತಂದುಕೊಟ್ಟಳು. ಅದರ ಮೇಲೆ ಕುಕ್ಕರಗಾಲಲ್ಲಿ ಕೂತ ರಾಮಾಂಜಿನಪ್ಪನ ಗಲ್ಲ ಸ್ಟಿಯರಿಂಗಿಗೆ ತಾಗುತ್ತಿತ್ತು. ಅದರ ಕಡ್ಡಿಗಳ ಸಂದಿನಿಂದ ರಸ್ತೆ ಸ್ವಲ್ಪ ಕಾಣುತ್ತಿತ್ತು. ಬಾಗಿಲು ಮುಚ್ಚಿಕೊಳ್ಳಲಿಲ್ಲವಾಗಿ ಅದನ್ನು ಬಾವಿಯ ಹಗ್ಗದಿಂದ ಕಟ್ಟಿದರು.

ಪರೀಕ್ಷೆಗೆಂದು ನರಸಿಂಹಯ್ಯನೇ ಒಳಗೆ ಹೋಗಿ ಕೂತ. ಅವನ ಪೇಟ ಕ್ಯಾನ್ವಾಸು ಚಾವಣಿಗೆ ಒತ್ತಿ ಮೂಗಿನವರೆಗೆ ಇಳಿಯಿತು.

“ಬೀಗರು ಪೇಟ ಕೈಯಲ್ಲಿ ಹಿಡ್ಕೊಂಡು ಬರ್ಲಿ” ಎಂದು ಯಾರೋ ಹೇಳಿದರು.

“ಬಾಯಿ ತೊಳ್ಕೊಳ್ಳಿ!” ಎಂದಳು ಪಿಳ್ಳಮ್ಮ. “ಶುಭಕಾರ್ಯಕ್ಕೆ ಬೋಳುತಲೇಲಿ ಯಾರಾದ್ರೂ ಬರ್ತಾರಾ? ಸಾವಿನ ಮನೆಗಾ ಬರೋದು?”

ಅದು ನಿಜವೇ ಆಗಿತ್ತು. ಚಾವಣಿಯನ್ನು ಹಿಂದಕ್ಕೆ ಮಡಚಿ ಕಟ್ಟಿ, ರಾಮಾಂಜಿನಪ್ಪ ಬೂದಿಗೆರೆಗೆ ಹೊರಟ.

ಹನುಮಂತರಾಯಪ್ಪನವರು ಮೊದಲು ಸೀಟನ್ನು ಕೈಕೋಲಿನಿಂದ ತಿವಿದು ನೋಡಿದರು. ಆಮೇಲೆ ಅಂಗೈಯಿಂದ ಒತ್ತಿದರು. ಆಮೇಲೆ ಕೂತರು, ಕೂತು ಮೆತ್ತಗೆ ಒಳಕ್ಕೆ ಇಳಿದರು. ಅವರ ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡವು. “ಹಾ! ಇದಪ್ಪಾ ಸೀಟು!”

ಅವರ ಅಕ್ಕ ಸೊಣ್ಣಮ್ಮ ಹಿಂದಿನ ಸಂದಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಂದುಕೊಂಡು ಕೂತಳು. “ಲೇ ಹನುಮಂತ, ನಿನ್ನ ಸೀಟು ನನ್ನ ಮಡಿಲಲ್ಲಿ ಐತೆ ಕಣೋ.”

“ಸ್ವಲ್ಪ ಸಹಿಸ್ಕೊಳ್ಳಕ್ಕ. ರಾಮಾಂಜಿನಪ್ನೋರೆ, ಎಲ್ಲಿದ್ದೀರಿ?”

“ಇಲ್ಲೇ ಸ್ವಾಮಿ, ಕೆಳಗೆ.”

ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ನಿಂತು ನೋಡಿದರು. ಹನುಮಂತರಾಯಪ್ಪನವರು ಗಾಜಿಗಿಂತ ಎತ್ತರದಲ್ಲಿ ಕೂತು ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತ ಸಾಗಿದರು. ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಕಾರು ಕೆರೆಯ ಏರಿ ಹತ್ತಿದ ಕೂಡಲೇ ಗಾಳಿ ಬೀಸಿತು. ಜರಿಪೇಟ ಎದ್ದು, ಎರಡು ಸುತ್ತು ಬಿಚ್ಚಿಕೊಂಡು, ನೇರವಾಗಿ ನೀರಿಗೆ ಹೋಯಿತು.

“ಅಯ್ಯೋ, ನಿಲ್ಸಿ, ನಿಲ್ಸಿ!”

ರಾಮಾಂಜಿನಪ್ಪ ಕಾರು ನಿಲ್ಲಿಸಿ, ತನ್ನ ಪೇಟವನ್ನು ಮಣೆಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ ಕೆರೆಗಿಳಿದ. ಪೇಟ ಸಿಕ್ಕಿತು, ಜೊತೆಗೆ ಕೆರೆಯ ಅರ್ಧ ಕೆಸರೂ ಬಂತು. ಹಿಂಡಿದಷ್ಟೂ ಕರ್ರಗಿನ ನೀರು ಇಳಿಯುತ್ತಿತ್ತು.

“ಇದನ್ನ ಇಟ್ಕೊಂಡು ಹೋಗೋದಾ? ಬೋಳುತಲೇಲಿ ಹೆಣ್ಣಿನ ಮನೆ ಹೊಸ್ತಿಲು ತುಳಿಯೋದಾ?” ಹನುಮಂತರಾಯಪ್ಪನವರ ಮುಖ ಕೆಂಪಾಯಿತು. “ತಿರುಗ್ಸಿ ಕಾರು! ಈ ಸಂಬಂಧಕ್ಕೆ ಕಾಲ ಕೂಡಿಬಂದಿಲ್ಲ.”

ರಾಮಾಂಜಿನಪ್ಪ ಮಣೆಯ ಕಡೆ ತಿರುಗಿದ. ತನ್ನ ಪೇಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, “ಇದನ್ನ ಇಟ್ಕೊಳ್ಳಿ ಸ್ವಾಮಿ” ಎಂದ.

“ಮತ್ತೆ ನಿಮ್ಮ ತಲೆ?”

“ನಂದೇನು ಬಿಡಿ. ನಾನು ಕಾಣ್ಸೋದೇ ಇಲ್ವಲ್ಲ.”

ತನ್ನ ಪೇಟವನ್ನೇ ತೆಗೆದುಕೊಟ್ಟವನಿಗೆ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ. ಹನುಮಂತರಾಯಪ್ಪನವರು ಅದನ್ನು ಧರಿಸಿದರು. ಅವರ ದೊಡ್ಡ ತಲೆಯ ಮೇಲೆ ಅದು ಗುಡಾಣಕ್ಕೆ ಲೋಟ ಮುಚ್ಚಿದಂತೆ ಕೂತಿತು. ಮತ್ತೆ ಗಾಳಿಗೆ ಹಾರಬಾರದೆಂದು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡರು. ಧೂಳಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದ ಸೊಣ್ಣಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಾರು ಹೊರಟಿತು.

ಊರು ಹತ್ತಿರವಾದಾಗ ದೇವನಹಳ್ಳಿಯ ಹಾಲಿನವನೊಬ್ಬ ಸೈಕಲ್ಲಿನಲ್ಲಿ ಅಡ್ಡದಾರಿಯಿಂದ ಬರುತ್ತಿದ್ದ. ದೂರದಿಂದ ಆ ದೃಶ್ಯವನ್ನು ಕಂಡವನೇ ಎದ್ದು ನಿಂತು ಪೆಡಲು ತುಳಿದು ರಾಮಾಂಜಿನಪ್ಪನ ಮನೆಯ ಮುಂದೆ ಬಿದ್ದ.

“ಬೀಗರೇ ಕಾರು ತರ್ತಾವ್ರೆ! ತಲೆ ಮೇಲೆ ಎರಡು ಕೈ ಹೊತ್ಕೊಂಡವ್ರೆ! ಹಿಂದೆ ಹೆಂಗಸು ಬಾಯಿಗೆ ಸೆರಗು ಮುಚ್ಕೊಂಡು ಅಳ್ತಾವ್ಳೆ. ರಾಮಾಂಜಿನಪ್ಪ ಎಲ್ಲೂ ಇಲ್ಲ!”

ಎರಡು ಕೈಯೂ ತಲೆಯ ಮೇಲಿದ್ದರೆ ಕಾರು ಓಡಿಸುತ್ತಿರುವವರು ಯಾರೆಂದು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಪಿಳ್ಳಮ್ಮ ಬಾಗಿಲಲ್ಲೇ ಕುಸಿದಳು. ವರಲಕ್ಷ್ಮಿ ತಾಯಿಯನ್ನು ತಬ್ಬಿಕೊಂಡು ಅತ್ತಳು. ನರಸಿಂಹಯ್ಯ ಓಲಗದವರನ್ನು ನಿಲ್ಲಿಸಿ, ಸ್ಟೂಲು ತರಿಸಿ, ಮಾವಿನ ತೋರಣವನ್ನು ತಾನೇ ಬಿಚ್ಚತೊಡಗಿದ.

ಕಾರು ಬೀದಿಗೆ ತಿರುಗಿದಾಗ ಗೋಳು ಮುಗಿಲು ಮುಟ್ಟಿತ್ತು.

“ಮಗಳ ಮದುವೆ ನೋಡ್ದೆ ಹೊರಟ್ಹೋದ್ರಲ್ಲಾ!” ಎಂದು ಪಿಳ್ಳಮ್ಮ ಎದೆ ಬಡಿದುಕೊಳ್ಳುತ್ತಿದ್ದಳು.

“ನಾನೆಲ್ಲಿಗೆ ಹೋಗ್ಲೇ? ಇಲ್ಲೇ ಇದ್ದೀನಲ್ಲ!” ಎಂದು ಸ್ಟಿಯರಿಂಗಿನ ಕೆಳಗಿನಿಂದ ಉತ್ತರ ಬಂತು.

ಕೆಸರು ಪಂಚೆಯ ರಾಮಾಂಜಿನಪ್ಪ ತೆವಳಿಕೊಂಡು ಹೊರಗೆ ಬಂದ. ಪಿಳ್ಳಮ್ಮ ಅವನ ಕೈ ಹಿಡಿದು ಮುಟ್ಟಿ ನೋಡಿದಳು. ಬದುಕಿದ್ದಾನೆಂದು ಖಾತ್ರಿಯಾದ ಕೂಡಲೇ, “ಬೋಳುತಲೇಲಿ ಬಂದಿದ್ದೀರಲ್ರೀ, ಪೇಟ ಎಲ್ಲಿ?” ಎಂದು ರೇಗಿದಳು.

“ಯಾರು ಸತ್ತಿದ್ದು ಅಂತ ಈ ಗೋಳು?” ಹನುಮಂತರಾಯಪ್ಪನವರು ಸೀಟಿನ ಮೇಲಿನಿಂದ ಗುಡುಗಿದರು. “ತಾಂಬೂಲಕ್ಕೆ ಕರೆದು ಎದುರಿಗೆ ಅಳ್ತೀರಾ? ತೋರಣ ಕಿತ್ತಾಕ್ತೀರಾ? ಅಕ್ಕಾ, ಇಳಿ. ನಡ್ಕೊಂಡೇ ಊರಿಗೆ ಹೋಗೋಣ!”

ನಡೆದೇ ಹೋಗುತ್ತಿದ್ದರೇನೋ. ಆದರೆ ಇಳಿಯಲು ಆಗಲಿಲ್ಲ. ಹಗ್ಗ ಬಿಚ್ಚಿ ಬಾಗಿಲು ತೆಗೆದರೂ ಸೀಟಿನ ತೋಳು ಅಡ್ಡ. ಅವರ ಮಂಡಿಗಳು ಮುಂದಿನ ಹಲಗೆಗೆ ಸಿಕ್ಕಿಕೊಂಡಿದ್ದವು, ಸೊಂಟ ತೊಗಲಿನಲ್ಲಿ ಹೂತುಹೋಗಿತ್ತು. ಎದ್ದರೆ ಮತ್ತೆ ಒಳಕ್ಕೆ ಬೀಳುತ್ತಿದ್ದರು. ಸಿಟ್ಟು ಹೆಚ್ಚಿದಷ್ಟೂ ಇನ್ನಷ್ಟು ಬಿಗಿಯಾಗಿ ಕೂತರು.

ರಾಮಾಂಜಿನಪ್ಪ ಬಾಗಿಲ ಕಡೆ ನೋಡಿದ. ವರಲಕ್ಷ್ಮಿ ಅಪ್ಪನಿಗಾಗಿ ಅತ್ತ ಕಣ್ಣೀರನ್ನು ಇನ್ನೂ ಒರೆಸಿಕೊಂಡಿರಲಿಲ್ಲ. ಈಗ ಬೀಗರನ್ನೇ ನೋಡುತ್ತ ನಿಂತಿದ್ದಳು. ಅವಳು ಮತ್ತೆ ಹಿತ್ತಿಲ ಮೂಲೆಗೆ ಹೋಗಿ ಕೂರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

“ಸೀಟನ್ನೇ ಎತ್ತಿ!” ಎಂದು ಕೂಗಿದ. “ಬೋಲ್ಟ್ ಹಾಕಿಲ್ಲ. ಚಪ್ಪರದಿಂದ ಗಳು ಕಿತ್ಕೊಂಬನ್ನಿ!”

ಎರಡು ಬಿದಿರು ಗಳುಗಳನ್ನು ಸೀಟಿನ ಅಡಿಗೆ ತೂರಿಸಿದರು. ಮುಂದೆ ರಾಮಾಂಜಿನಪ್ಪ, ನರಸಿಂಹಯ್ಯ. ಹಿಂದೆ ಬೀದಿಯ ಇಬ್ಬರು ಗಟ್ಟಿ ಆಳುಗಳು. ಚಾವಣಿಯಿಲ್ಲದ ಕಾರಿನಿಂದ ಹನುಮಂತರಾಯಪ್ಪನವರು ಸೀಟಿನ ಸಮೇತ ಮೇಲೆದ್ದರು. ಮೊದಲು ಬೈಯುತ್ತಿದ್ದರು. ಎದೆ ಎತ್ತರಕ್ಕೆ ಬಂದಾಗ ಸುಮ್ಮನಾದರು. ಹೆಗಲೆತ್ತರಕ್ಕೆ ಬಂದಾಗ ಕೆಳಗೆ ಇಡೀ ಬೀದಿ ತಮ್ಮತ್ತ ತಲೆಯೆತ್ತಿ ನೋಡುತ್ತಿರುವುದನ್ನು ಕಂಡರು. ಓಲಗದವರು ಯಾರೂ ಹೇಳದೆಯೇ ಊದತೊಡಗಿದರು.

“ನಮ್ಮಪ್ಪನ್ನೂ ಯಾರೂ ಹಿಂಗೆ ಹೊತ್ತಿರ್ಲಿಲ್ಲ ಕಣೋ” ಎಂದಳು ಸೊಣ್ಣಮ್ಮ. ಅವಳ ಕಣ್ಣಲ್ಲಿ ಈಗ ನಿಜವಾಗಿಯೂ ನೀರು ಬಂದಿತ್ತು.

“ಹುಷಾರು, ಹುಷಾರು” ಎಂದರು ಹನುಮಂತರಾಯಪ್ಪನವರು. ದನಿ ಮೆತ್ತಗಾಗಿತ್ತು. “ಅವಸರ ಏನೂ ಇಲ್ಲ. ಬೀದಿ ಕೊನೆ ತನಕ ಹೋಗಿ ತಿರುಗಿಸ್ಕೊಂಡು ಬನ್ನಿ.”

ಬೀದಿಯ ಕೊನೆಯವರೆಗೆ ಹೋಗಿ ಬಂದರು. ನಡುಮನೆಯಲ್ಲಿ ಇಳಿಸಿದರೂ ಅವರು ಸೀಟು ಬಿಟ್ಟೇಳಲಿಲ್ಲ. ಅದರಲ್ಲೇ ಕೂತು ತಾಂಬೂಲ ಬದಲಾಯಿಸಿಕೊಂಡರು, ಅದರಲ್ಲೇ ಕೂತು ಹೋಳಿಗೆ ತಿಂದರು. ವರಲಕ್ಷ್ಮಿ ಬಂದು ನಮಸ್ಕರಿಸಿದಾಗ, “ನಮ್ಮನೆ ಮಹಾಲಕ್ಷ್ಮಿ ಕಣಮ್ಮ ನೀನು” ಎಂದರು. ಅವಳು ತಲೆ ತಗ್ಗಿಸಿ ನಕ್ಕಳು. ರಾಮಾಂಜಿನಪ್ಪನಿಗೆ ಬೆಳಗಿನಿಂದ ಪಟ್ಟ ಪಾಡೆಲ್ಲ ಮರೆತುಹೋಯಿತು.

ಬಿಸಿಲು ಇಳಿದಾಗ ಹನುಮಂತರಾಯಪ್ಪನವರು ಗಂಟಲು ಸರಿಮಾಡಿಕೊಂಡರು. “ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬಾರ್ದು.”

“ಕಾರು ಕೇಳ್ತಾರೆ ನೋಡು” ಎಂದು ನರಸಿಂಹಯ್ಯ ಕಿವಿಯಲ್ಲಿ ಹೇಳಿದ. ರಾಮಾಂಜಿನಪ್ಪ ಮಗಳಿಗಾಗಿ ಕಾರನ್ನೂ ಕೊಟ್ಟುಬಿಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡ. “ಕೇಳಿ ಸ್ವಾಮಿ. ಕಾರು ಬೇಕಾದ್ರೆ ಇವತ್ತೇ ತಗೊಂಡ್ಹೋಗಿ.”

“ಛೆ ಛೆ! ಕಾರು ಯಾರಿಗೆ ಬೇಕಪ್ಪಾ? ಅದನ್ನ ನೀವೇ ಇಟ್ಕೊಳ್ಳಿ.”

ರಾಮಾಂಜಿನಪ್ಪನ ಜೀವ ಹಗುರಾಯಿತು. “ಹಾಗಾದ್ರೆ ಸೀಟು? ಖಂಡಿತ ತಗೊಂಡ್ಹೋಗಿ. ಇನ್ನೇನೂ ಬೇಡ್ವಲ್ಲ?”

“ಇನ್ನೇನು ಬೇಕು?” ಹನುಮಂತರಾಯಪ್ಪನವರು ಕೈಕೋಲನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ಒರಗಿಸಿದರು. “ಹೊತ್ತು ಮುಳುಗೋಕೆ ಮುಂಚೆ ಹೊರಡೋಣ. ಎತ್ತಿ.”

“ಕಾರಿನ ತನಕ ತಾನೇ ಸ್ವಾಮಿ?”

“ಕಾರಲ್ಲಿ ಹೆಂಗಪ್ಪಾ ಹೋಗೋದು? ಅದರಲ್ಲಿ ಸೀಟೇ ಇಲ್ವಲ್ಲ” ಎಂದರು ಅವರು. “ಬೂದಿಗೆರೆ ತನಕ ಹಿಂಗೇ ನಡೀರಿ. ನಮ್ಮೂರೋರೂ ಒಂದ್ಸಲ ನೋಡ್ಲಿ.”

ಹಿಂದಿನ ಗಳು ಹಿಡಿದಿದ್ದ ಇಬ್ಬರಿಗೂ ಹಾಲು ಕರೆಯುವ ಹೊತ್ತಾಗಿರುವುದು ಆಗಲೇ ನೆನಪಾಯಿತು. ನರಸಿಂಹಯ್ಯ ಸೊಂಟ ಹಿಡಿದುಕೊಂಡು ಬಾಗಿಲ ಕಡೆ ಸರಿಯತೊಡಗಿದ. ಪಿಳ್ಳಮ್ಮ ಅಲ್ಲಿ ಕೈ ಅಡ್ಡವಿಟ್ಟು ನಿಂತಿದ್ದಳು. ಅವಳ ಹಿಂದೆ ವರಲಕ್ಷ್ಮಿ ಅಪ್ಪನನ್ನೇ ನೋಡುತ್ತಿದ್ದಳು.

ರಾಮಾಂಜಿನಪ್ಪ ಟವೆಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ಮುಂದಿನ ಗಳುವಿನ ಕೆಳಗೆ ಬಗ್ಗಿದ.